ಅರವತ್ತಕ್ಕೆ ಅರಳುಮರಳು ಅಂದವರು ಯಾರು?

ವೀಕ್ಷಕರೇ, ಒಂದು ಸಣ್ಣ ಪರೀಕ್ಷೆ. ಕೂತಲ್ಲೇ ಮಾಡಿ. ಇದು ಯಾವ ಇಸವಿ? ಇವತ್ತು ಯಾವ ತಾರೀಕು? ನೂರರಲ್ಲಿ ಏಳು ಕಳೆಯಿರಿ. ಉಳಿದಿದ್ದರಲ್ಲಿ ಮತ್ತೆ ಏಳು. ಮತ್ತೆ ಏಳು. ಹೀಗೆ ಐದು ಸಲ. ಆಮೇಲೆ ಒಂದು ಹಾಳೆ ತಗೊಂಡು ಮನಸ್ಸಿಗೆ ಬಂದ ಒಂದು ವಾಕ್ಯ ಬರೆಯಿರಿ. ಕೊನೆಗೆ ಐದು ಮೂಲೆಯ ಎರಡು ಆಕಾರಗಳನ್ನ, ಒಂದರ ಮೂಲೆ ಇನ್ನೊಂದರೊಳಗೆ ಸೇರಿಕೊಂಡ ಹಾಗೆ ಬಿಡಿಸಿ.

ಸುಲಭ ಅಲ್ವಾ?

ಈಗ ಇದೇ ಪ್ರಶ್ನೆಗಳನ್ನ ನಿಮ್ಮ ಅಜ್ಜಿಗೆ ಕೇಳಿ. ಶಾಲೆಯ ಮೆಟ್ಟಿಲು ಹತ್ತದ, ಪೆನ್ನು ಹಿಡಿಯದ, ಆದರೆ ನಾಲ್ಕು ತಲೆಮಾರಿನ ಸಂಬಂಧಗಳನ್ನ ನಿಂತಲ್ಲೇ ಬಿಡಿಸಿ ಹೇಳುವ ಅಜ್ಜಿಗೆ.

ನಮ್ಮ ಅಜ್ಜಿಗೆ ಈ ಪ್ರಶ್ನೆಗಳನ್ನ ಕೇಳಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಅದು 2013. ನಾನು ಇಂಜಿನಿಯರಿಂಗ್ ಮುಗಿಸಿ ಒಂದು ವರ್ಷ ಆಗಿತ್ತು. ಅರಸೀಕೆರೆ ಕಡೆಯ ನಮ್ಮ ಅಮ್ಮನ ತವರಿನಲ್ಲಿ ಅಜ್ಜ ತೀರಿಕೊಂಡು ಆರು ತಿಂಗಳು ಕಳೆದಿತ್ತು. ಅಜ್ಜಿ ಮಂಕಾಗಿಬಿಟ್ಟಿದ್ದರು. ಕೂತಲ್ಲೇ ಕೂತಿರೋರು. ಏನಾದರೂ ಕೇಳಿದರೆ ತುಂಬಾ ಹೊತ್ತಿನ ಮೇಲೆ ಉತ್ತರ. ಮಾವ ಫೋನ್ ಮಾಡಿ, "ಯಾಕೋ ಅಮ್ಮ ಸರಿಯಿಲ್ಲ ಕಣೋ, ಒಂದ್ಸಲ ತೋರಿಸೋಣ" ಅಂದರು. ಸಿಟಿಯ ಒಂದು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ.

ಯುವ ಡಾಕ್ಟರ್. ಒಳ್ಳೆಯವರೇ. ಮುಂದೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ ಇಟ್ಟುಕೊಂಡು, ಅಲ್ಲೇ ಕನ್ನಡ ಮಾಡಿಕೊಳ್ಳುತ್ತಾ ಕೇಳುತ್ತಾ ಹೋದರು.

"ಇದು ಯಾವ ಇಸವಿ ಅಜ್ಜಿ?"

"ವಿಜಯ ಸಂವತ್ಸರ."

ಡಾಕ್ಟರ್ ಸೊನ್ನೆ ಹಾಕಿದರು.

ಅಜ್ಜಿ ಹೇಳಿದ್ದು ತಪ್ಪಾಗಿರಲಿಲ್ಲ. ಆ ಯುಗಾದಿಗೆ ಶುರುವಾಗಿದ್ದು ವಿಜಯ ಸಂವತ್ಸರವೇ. ದೇವಸ್ಥಾನದಲ್ಲಿ ಪಂಚಾಂಗ ಓದಿದಾಗ ಕೇಳಿಸಿಕೊಂಡು ನೆನಪಿಟ್ಟುಕೊಂಡಿದ್ದರು. ಸೊನ್ನೆ ಹಾಕಿದ ಡಾಕ್ಟರಿಗೂ ಅದು ಗೊತ್ತಿರಲಿಲ್ಲ, ಪಕ್ಕದಲ್ಲಿ ಕೂತಿದ್ದ ಡಿಗ್ರಿ ಹೋಲ್ಡರ್ ನನಗೂ ಗೊತ್ತಿರಲಿಲ್ಲ.

"ನೂರರಲ್ಲಿ ಏಳು ಕಳೆದರೆ ಎಷ್ಟು?"

"ಏನು ನೂರು?" ಅಂತ ಕೇಳಿದರು ಅಜ್ಜಿ. ಕಾಯಿಯಾ, ರೂಪಾಯಿಯಾ? ಡಾಕ್ಟರ್ ಮುಂದಿನ ಪ್ರಶ್ನೆಗೆ ಹೋದರು. ಬರೆಯೋ ಪ್ರಶ್ನೆ, ಓದೋ ಪ್ರಶ್ನೆ, ಚಿತ್ರದ ಪ್ರಶ್ನೆ, ಎಲ್ಲದಕ್ಕೂ ಸೊನ್ನೆ. ಕೊನೆಗೆ 30ಕ್ಕೆ 14. ಚೀಟಿಯಲ್ಲಿ ಬರೆದುಕೊಟ್ಟರು: ಡಿಮೆನ್ಷಿಯಾ.

ಮನೆಯಲ್ಲಿ ಅಳು. ಒಂದು ತಿಂಗಳಾದ ಮೇಲೆ ಊರ ಹತ್ತಿರದ ವಯಸ್ಸಾದ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ತೀರಾ ಕಮ್ಮಿ ಇತ್ತು. ದಿನಕ್ಕೊಂದು ಮಾತ್ರೆ. ನಾಲ್ಕು ತಿಂಗಳಲ್ಲಿ ಅಜ್ಜಿ ಜಗಲಿಗೆ ಬಂದು ಕೂತು, ಕಾಯಿ ಕೀಳುವವರ ಲೆಕ್ಕ ತಪ್ಪು ಹಿಡಿಯುವ ಹಾಗಾದರು. ನಾವೆಲ್ಲ ಆ ಚೀಟಿ ನೋಡಿಕೊಂಡು ನಕ್ಕೆವು. "ಪ್ಯಾಟೆ ಡಾಕ್ಟ್ರಿಗೆ ಸಂವತ್ಸರ ಗೊತ್ತಿಲ್ಲ" ಅನ್ನೋದು ಮನೆಯ ಜೋಕ್ ಆಯಿತು. ಈ ನಗು ನೆನಪಿಟ್ಟುಕೊಂಡಿರಿ. ಕೊನೆಗೆ ಮತ್ತೆ ಅಲ್ಲಿಗೇ ಬರ್ತೀನಿ.

ಪ್ರತಿ ವರ್ಷ ಸೆಪ್ಟೆಂಬರ್ 21, ವಿಶ್ವ ಆಲ್ಝೈಮರ್ಸ್ ದಿನ. ಪ್ರತಿ ವರ್ಷ ನಮ್ಮ ಚಾನೆಲ್‌ಗಳಲ್ಲಿ ಎರಡು ನಿಮಿಷದ ಒಂದು ಸುದ್ದಿ. ಈ ಸಲ ನಾನು ಆ ಎರಡು ನಿಮಿಷ ಬಿಟ್ಟು ಬೇರೆ ಕಥೆ ಹೇಳ್ತೀನಿ. ಆ 30 ಮಾರ್ಕಿನ ಹಾಳೆ ಎಲ್ಲಿಂದ ಬಂತು? ಅದನ್ನ ಯಾರಿಗಾಗಿ ಮಾಡಿದ್ದರು? ಅದು ನಮ್ಮಂಥವರ ಮನೆಗೆ ಹೊಂದಲ್ಲ ಅಂತ ಯಾರು, ಯಾವಾಗ, ಹೇಗೆ ಕಂಡುಹಿಡಿದರು?

ಮೊದಲು ಜರ್ಮನಿಗೆ ಹೋಗೋಣ. 1901ರ ನವೆಂಬರ್. ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ 51 ವರ್ಷದ ಒಬ್ಬ ಹೆಂಗಸನ್ನ ಸೇರಿಸುತ್ತಾರೆ. ಹೆಸರು ಆಗಸ್ಟೆ ಡೆಟರ್. ನೋಡಿದ ಡಾಕ್ಟರ್ ಹೆಸರು ಅಲೋಯಿಸ್ ಆಲ್ಝೈಮರ್. ಅವರು ಕೇಳಿದ ಪ್ರಶ್ನೆ, ಆಕೆ ಕೊಟ್ಟ ಉತ್ತರ ಎಲ್ಲವನ್ನೂ ಕೈಬರಹದಲ್ಲಿ ಬರೆದಿಟ್ಟರು. ಗಂಡನ ಹೆಸರು ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳುತ್ತಾಳೆ. ಊಟದ ತಟ್ಟೆಯಲ್ಲಿ ಹೂಕೋಸು ಮತ್ತು ಹಂದಿಮಾಂಸ ಇದೆ, ಏನು ತಿನ್ನುತ್ತಿದ್ದೀಯ ಅಂದರೆ ಪಾಲಕ್ ಅನ್ನುತ್ತಾಳೆ. ಹೆಸರು ಬರೆ ಅಂದರೆ 'ಶ್ರೀಮತಿ' ಅಂತ ಬರೆದು ನಿಲ್ಲುತ್ತಾಳೆ. ಮುಂದಿನದು ಮರೆತುಹೋಗಿದೆ.

1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಳು. ಆಲ್ಝೈಮರ್ ಆಕೆಯ ಮಿದುಳನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೀವಕೋಶಗಳ ನಡುವೆ ಗಟ್ಟಿ ಚುಕ್ಕೆಗಳು, ಕೋಶಗಳೊಳಗೆ ದಾರದಂಥ ಗಂಟುಗಳು. ಅದೇ ವರ್ಷ ನವೆಂಬರ್‌ನಲ್ಲಿ ಟ್ಯೂಬಿಂಗನ್‌ನಲ್ಲಿ ನಡೆದ ವೈದ್ಯರ ಸಭೆಯಲ್ಲಿ ಅದನ್ನ ವಿವರಿಸಿದರು. 1910ರಲ್ಲಿ ಎಮಿಲ್ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಆಲ್ಝೈಮರ್ ಹೆಸರಿಟ್ಟರು.

ಇಲ್ಲೊಂದು ಸಣ್ಣ ಸಂಗತಿ ಗಮನಿಸಿ. ಆಗಸ್ಟೆಗೆ ಬರೆಯಲು ಬರುತ್ತಿತ್ತು. ಬರುತ್ತಿದ್ದದ್ದು ಬಾರದೇ ಹೋಯಿತು ಅನ್ನೋದೇ ಡಾಕ್ಟರಿಗೆ ಸಿಕ್ಕ ಸುಳಿವು. ಬರೆಯಲು ಮೊದಲಿಂದಲೂ ಬಾರದವರಲ್ಲಿ ಆ ಸುಳಿವು ಹುಡುಕೋದು ಹೇಗೆ? ಈ ಪ್ರಶ್ನೆ ಗಟ್ಟಿಯಾಗಿ ಕೇಳಿಬರಲು ಮುಂದೆ ಎಂಬತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಅಷ್ಟರಲ್ಲಿ ಆ ಹಾಳೆ ಹುಟ್ಟಿತ್ತು. 1975ರಲ್ಲಿ ಅಮೆರಿಕದ ಮಾರ್ಷಲ್ ಫೋಲ್‌ಸ್ಟೀನ್, ಸೂಸನ್ ಫೋಲ್‌ಸ್ಟೀನ್ ಮತ್ತು ಪಾಲ್ ಮೆಕ್‌ಹ್ಯೂ ಒಂದು ಪುಟ್ಟ ಪರೀಕ್ಷೆ ಪ್ರಕಟಿಸಿದರು. ಹೆಸರು ಮಿನಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಷನ್, ಎಂಎಂಎಸ್ಇ. ಹತ್ತು ನಿಮಿಷ ಸಾಕು, ಮೆಷಿನ್ ಬೇಡ, ಆಗ ಖರ್ಚೂ ಇರಲಿಲ್ಲ. ಜಗತ್ತಿನ ಎಲ್ಲ ಆಸ್ಪತ್ರೆಗಳೂ ಅದನ್ನ ಅಪ್ಪಿಕೊಂಡವು. 30ಕ್ಕೆ 24ಕ್ಕಿಂತ ಕಮ್ಮಿ ಬಂದರೆ ಅನುಮಾನ ಪಡಬೇಕು ಅನ್ನೋದು ರೂಢಿ ಆಯಿತು.

ನಾನು ಓದಿದ್ದು ಇನ್‌ಸ್ಟ್ರುಮೆಂಟೇಷನ್. ಪಾಸಾಗಿದ್ದು ಹೇಗೆ ಅಂತ ಕೇಳಬೇಡಿ. ಆದರೆ ಲ್ಯಾಬ್‌ನಲ್ಲಿ ಮೇಷ್ಟ್ರು ಮೊದಲ ದಿನ ಹೇಳಿದ ಒಂದು ಮಾತು ತಲೆಯಲ್ಲಿ ಉಳಿದಿದೆ. ಮೀಟರ್ ಏನು ತೋರಿಸ್ತಿದೆ ಅಂತ ನೋಡೋ ಮೊದಲು, ಏನೂ ಇಲ್ಲದಾಗ ಅದು ಸೊನ್ನೆ ತೋರಿಸುತ್ತಾ ನೋಡು. ಮೀಟರ್‌ನಲ್ಲೇ ದೋಷ ಇದ್ದರೆ ನೀನು ಅಳೆದಿದ್ದೆಲ್ಲ ದೋಷ.

ಆ ಲೆಕ್ಕ ಇಲ್ಲಿ ಹಾಕಿ ನೋಡೋಣ. ನೂರರಲ್ಲಿ ಏಳು ಕಳೆಯೋದಕ್ಕೆ 5 ಮಾರ್ಕು. ಓದಿ ಹಾಗೇ ಮಾಡೋದಕ್ಕೆ 1. ವಾಕ್ಯ ಬರೆಯೋದಕ್ಕೆ 1. ಚಿತ್ರ ಬಿಡಿಸೋದಕ್ಕೆ 1. ಒಟ್ಟು 8. ಶಾಲೆಗೇ ಹೋಗದ ಒಬ್ಬ ಹಿರಿಯರು ಈ ಎಂಟೂ ಕಳೆದುಕೊಂಡು, ಉಳಿದ ಎಲ್ಲಕ್ಕೂ ಸರಿ ಉತ್ತರ ಕೊಟ್ಟರು ಅಂತಿಟ್ಟುಕೊಳ್ಳಿ. ಎಷ್ಟಾಯ್ತು? 22. ಅಂದರೆ ಮಿದುಳು ನೂರಕ್ಕೆ ನೂರು ಚೆನ್ನಾಗಿದ್ದರೂ ಫೇಲ್. ಅಳೆಯೋಕೆ ಹೊರಟಿದ್ದು ನೆನಪನ್ನ, ಅಳೆದಿದ್ದು ಸ್ಕೂಲನ್ನ.

ಇದನ್ನ ಗಂಭೀರವಾಗಿ ತಗೊಂಡವರ ಕಥೆ 1990ರ ದಶಕದಲ್ಲಿ ಶುರುವಾಗುತ್ತೆ. ಒಂದು ಕೆನಡಾದಲ್ಲಿ, ಒಂದು ಹರಿಯಾಣದಲ್ಲಿ, ಒಂದು ನೈಜೀರಿಯಾದಲ್ಲಿ. ಮೂರೂ ಕಡೆ ಕೆಲಸ ನಡೆದಿದ್ದು ಹೆಚ್ಚುಕಮ್ಮಿ ಒಂದೇ ಕಾಲಕ್ಕೆ.

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಕ್ರೀ ಅನ್ನೋ ಮೂಲನಿವಾಸಿಗಳಿದ್ದಾರೆ. ಅವರಲ್ಲಿ ಡಿಮೆನ್ಷಿಯಾ ಎಷ್ಟಿದೆ ಅಂತ ನೋಡಲು ಹೊರಟವರು ಹ್ಯೂ ಹೆಂಡ್ರಿ ಮತ್ತವರ ತಂಡ. ಇಂಗ್ಲಿಷ್ ಹಾಳೆ ಅಲ್ಲಿ ನಡೆಯಲ್ಲ ಅಂತ ಅವರಿಗೆ ಅರ್ಥವಾಯಿತು. ಹೊಸದೊಂದು ಪ್ರಶ್ನಾವಳಿ ಕಟ್ಟಿದರು. ಅದರ ಗುಟ್ಟು ಇರೋದು ಅದರ ಎರಡನೇ ಭಾಗದಲ್ಲಿ. ಮೊದಲ ಭಾಗದಲ್ಲಿ ಹಿರಿಯರನ್ನ ಕೇಳು. ಎರಡನೇ ಭಾಗದಲ್ಲಿ ಅವರ ಜೊತೆ ಬದುಕುತ್ತಿರುವವರನ್ನ ಕೇಳು. ಮುಂಚೆ ಏನೇನು ಮಾಡೋರು? ಈಗ ಮಾಡ್ತಾರಾ? ಯಾವಾಗಿಂದ ಬಿಟ್ಟರು? ಈ ಎರಡನ್ನೂ ಕೂಡಿಸಿ ಅಂದಾಜಿಗೆ ಬಾ. ಯಾರನ್ನೂ ಇನ್ನೊಬ್ಬರ ಜೊತೆ ಹೋಲಿಸೋದಿಲ್ಲ, ಅವರನ್ನ ಅವರ ಹಿಂದಿನ ದಿನಗಳ ಜೊತೆಗೇ ಹೋಲಿಸೋದು.

ಹರಿಯಾಣದ ಬಲ್ಲಭ್‌ಗಢ. ದೆಹಲಿಯ ಪಕ್ಕದಲ್ಲೇ ಇದೆ. ಏಮ್ಸ್ ಆಸ್ಪತ್ರೆ 1960ರ ದಶಕದಿಂದಲೇ ಗ್ರಾಮೀಣ ಆರೋಗ್ಯ ಯೋಜನೆ ನಡೆಸುತ್ತಾ ಬಂದ ಜಾಗ. ಅಲ್ಲಿಗೆ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮೇರಿ ಗಂಗೂಲಿ ಮತ್ತು ದೆಹಲಿಯ ವಿಜಯ್ ಚಂದ್ರ ಜಂಟಿಯಾಗಿ ಒಂದು ಅಧ್ಯಯನ ತಂದರು. 28 ಹಳ್ಳಿ. 55 ದಾಟಿದ 5,126 ಜನ. ಅವರಲ್ಲಿ 73.3 ಪರ್ಸೆಂಟ್ ಜನ ಅನಕ್ಷರಸ್ಥರು.

ಇವರು ಎಂಎಂಎಸ್ಇ ಹಾಳೆಯನ್ನ ಹಿಂದಿಗೆ ಬರೀ ಅನುವಾದ ಮಾಡಲಿಲ್ಲ. ಒಂದೊಂದು ಪ್ರಶ್ನೆಯನ್ನೂ ಬಿಚ್ಚಿ, ಇದು ಅಳೆಯಬೇಕಾಗಿರೋದು ಏನನ್ನ ಅಂತ ಕೇಳಿಕೊಂಡರು. ನೆನಪಿಡಲು ಕೊಟ್ಟ ಮೂರು ಪದ: ಮಾವು, ಕುರ್ಚಿ, ನಾಣ್ಯ. ಹಳ್ಳಿಯವರು ದಿನಾ ನೋಡೋ ವಸ್ತುಗಳು. ಮೂಲದಲ್ಲಿ 'ಕಣ್ಣು ಮುಚ್ಚಿ' ಅಂತ ಬರೆದ ಕಾಗದ ತೋರಿಸಿ, ಓದಿ ಹಾಗೆ ಮಾಡಿ ಅನ್ನಬೇಕು. ಇಲ್ಲಿ ಪರೀಕ್ಷೆ ಮಾಡುವವರು, "ನನ್ನ ಮುಖ ನೋಡಿ, ನಾನು ಮಾಡಿದ ಹಾಗೇ ಮಾಡಿ" ಅಂತ ಹೇಳಿ ತಾವೇ ಕಣ್ಣು ಮುಚ್ಚುತ್ತಾರೆ. ವಾಕ್ಯ ಬರೆಯಿರಿ ಅನ್ನೋ ಬದಲು, ನಿಮ್ಮ ಮನೆ ಬಗ್ಗೆ ಒಂದು ಮಾತು ಹೇಳಿ ಅಂತ ಕೇಳುತ್ತಾರೆ. ನಾಲಿಗೆ ತೊಡರುವ ಇಂಗ್ಲಿಷ್ ವಾಕ್ಯದ ಬದಲು 'ಇದೂ ಅಲ್ಲ, ಅದೂ ಅಲ್ಲ' ಅನ್ನೋ ಅರ್ಥದ ಮಾತನ್ನ ಹೇಳಿಸುತ್ತಾರೆ. ಇದು 1995ರಲ್ಲಿ ಹಿಂದಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಷನ್ ಅಂತ ಪ್ರಕಟವಾಯಿತು.

ಅಷ್ಟಕ್ಕೇ ನಿಲ್ಲಲಿಲ್ಲ. ದಿನನಿತ್ಯದ ಬದುಕಿನ ಬಗ್ಗೆ ಮನೆಯವರನ್ನ ಕೇಳೋದಕ್ಕೆ ಬೇರೆಯದೇ ಪಟ್ಟಿ ಮಾಡಿದರು. ಅಮೆರಿಕದ ಪಟ್ಟಿಯಲ್ಲಿ ಫೋನ್ ಮಾಡ್ತಾರಾ, ಚೆಕ್ ಬರೀತಾರಾ ಅನ್ನೋ ಥರದ ಪ್ರಶ್ನೆ. ಹರಿಯಾಣದ ಹಳ್ಳಿಯ ತಾತನಿಗೆ ಅದೆಲ್ಲ ಯಾಕೆ? ಹೋಳಿ, ದೀಪಾವಳಿ ನೆನಪಿರುತ್ತಾ? ಊರೊಳಗೆ ದಾರಿ ತಪ್ಪುತ್ತಾರಾ? ಇಂಥವರಿಗೆ ಇಂಥ ವಿಷಯ ಹೇಳಿ ಬಾ ಅಂದರೆ ಮರೆಯದೆ ಹೇಳ್ತಾರಾ? ಇವು ನೋಡಿ ನಮ್ಮ ಪ್ರಶ್ನೆಗಳು.

ಫಲಿತಾಂಶ ಬಂದಾಗ ಎಲ್ಲರೂ ಹುಬ್ಬೇರಿಸಿದರು. 1998ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ 65 ದಾಟಿದವರಲ್ಲಿ ಎಲ್ಲ ಬಗೆಯ ಡಿಮೆನ್ಷಿಯಾ ಸೇರಿ 1.36 ಪರ್ಸೆಂಟ್, ಅದರಲ್ಲಿ ಆಲ್ಝೈಮರ್ಸ್ 1.07. ಮೂರು ವರ್ಷ ಬಿಟ್ಟು ಹೊಸ ರೋಗಿಗಳ ಲೆಕ್ಕ ಬಂತು. 65 ದಾಟಿದ ಸಾವಿರ ಜನರಲ್ಲಿ ವರ್ಷಕ್ಕೆ ಬಲ್ಲಭ್‌ಗಢದಲ್ಲಿ ಆಲ್ಝೈಮರ್ಸ್ ಬಂದಿದ್ದು 5ಕ್ಕೂ ಕಮ್ಮಿ ಜನಕ್ಕೆ. ಪಿಟ್ಸ್‌ಬರ್ಗ್ ಪಕ್ಕದ ಮೊನೊಂಗಹೀಲಾ ಕಣಿವೆಯಲ್ಲಿ 17ಕ್ಕೂ ಜಾಸ್ತಿ.

ನೈಜೀರಿಯಾದ ಇಬಾದಾನ್ ನಗರದಲ್ಲೂ ಇಂಥದ್ದೇ ಅಚ್ಚರಿ. ಅಲ್ಲಿಯ ನರರೋಗ ತಜ್ಞ ಬೆಂಜಮಿನ್ ಓಸುಂಟೊಕುನ್, ಅವರ ನಂತರ ಅಡೆಸೋಲಾ ಒಗುನ್ನಿಯಿ, ಆ ಕಡೆಯಿಂದ ಕೆನಡಾದ ಅಧ್ಯಯನ ಮಾಡಿದ್ದ ಅದೇ ಹ್ಯೂ ಹೆಂಡ್ರಿ. ಇಬಾದಾನ್‌ನ ಯೊರುಬಾ ಜನ ಒಂದು ಗುಂಪು. ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಕಪ್ಪು ಜನ ಇನ್ನೊಂದು ಗುಂಪು. ಗುಲಾಮಗಿರಿಯ ಹಡಗುಗಳು ಬೇರೆ ಮಾಡಿದ ಜನ, ಬೇರು ಪಶ್ಚಿಮ ಆಫ್ರಿಕಾದ್ದೇ. ಎರಡೂ ಕಡೆ ಒಂದೇ ಅಳತೆಗೋಲು, ಅದೂ ಕ್ರೀ ಜನರ ನಡುವೆ ಹುಟ್ಟಿದ ಪ್ರಶ್ನಾವಳಿಯೇ. 2001ರಲ್ಲಿ ಬಂದ ಲೆಕ್ಕ: ವರ್ಷಕ್ಕೆ ಹೊಸದಾಗಿ ಆಲ್ಝೈಮರ್ಸ್ ಬರುವವರು ಇಬಾದಾನ್‌ನಲ್ಲಿ 1.15 ಪರ್ಸೆಂಟ್, ಇಂಡಿಯಾನಾಪೊಲಿಸ್‌ನಲ್ಲಿ 2.52.

ಇದು ಯಾಕೆ ದೊಡ್ಡ ವಿಷಯ ಅಂದರೆ, ಮರೆವಿನ ಕಾಯಿಲೆ ಹಣೆಬರಹ ಅಂತಲೋ, ಬರೀ ರಕ್ತದಲ್ಲಿ ಬಂದಿದ್ದು ಅಂತಲೋ ಹೇಳುವವರಿಗೆ ಇಲ್ಲೊಂದು ಉತ್ತರವಿತ್ತು. ಬದುಕುವ ರೀತಿ, ಬಿಪಿ, ಶುಗರ್, ಊಟ, ದುಡಿಮೆ ಇವುಗಳಿಗೂ ಇದರಲ್ಲಿ ಪಾಲಿದೆ ಅನ್ನೋ ಸೂಚನೆ ಸಿಕ್ಕಿತು. ಬಿಳಿಯರಲ್ಲಿ ಆಲ್ಝೈಮರ್ಸ್ ಅಪಾಯವನ್ನ ಬಹಳ ಹೆಚ್ಚಿಸುವ ಎಪಿಒಇ-4 ಅನ್ನೋ ಜೀನ್, ಯೊರುಬಾ ಜನರಲ್ಲಿ ಅಷ್ಟು ಬಲವಾಗಿ ಕೆಲಸ ಮಾಡುವುದು ಕಾಣಲಿಲ್ಲ. ಒಂದೇ ಬಣ್ಣದ ಜನರನ್ನ ಮಾತ್ರ ನೋಡಿ ಬರೆದ ಪಠ್ಯಪುಸ್ತಕಕ್ಕೆ ಇಬಾದಾನ್‌ನ ಅಜ್ಜಂದಿರು ತಿದ್ದುಪಡಿ ಹಾಕಿಸಿದರು.

ಹಾಗಾದರೆ ನಮ್ಮ ಹಳ್ಳಿಗಳಿಗೆ ಈ ಕಾಯಿಲೆ ಇಲ್ಲ, ಖುಷಿ ಪಡೋಣ ಅಂತೀರಾ? ತಡೀರಿ. ಕಥೆ ಇಲ್ಲಿಂದ ತಿರುಗುತ್ತೆ.

1998. ನಮ್ಮ ಪಕ್ಕದ ಕೊಚ್ಚಿಯಲ್ಲಿ ಅಂತಾರಾಷ್ಟ್ರೀಯ ಆಲ್ಝೈಮರ್ಸ್ ಸಂಸ್ಥೆಯ ಸಮ್ಮೇಳನ. ಅಲ್ಲಿ ಸೇರಿದ್ದ ಸಂಶೋಧಕರು ಒಂದು ಗುಂಪು ಕಟ್ಟಿಕೊಂಡರು. ಅದರ ಹೆಸರು 10/66. ವಿಚಿತ್ರ ಹೆಸರು ಅಲ್ವಾ? ಅರ್ಥ ಇಷ್ಟೇ. ಡಿಮೆನ್ಷಿಯಾ ಇರುವವರಲ್ಲಿ 66 ಪರ್ಸೆಂಟ್ ಜನ ಆಗ ಇದ್ದದ್ದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಜನರ ನಡುವೆ ಹೋಗಿ ಮಾಡುವ ಸಂಶೋಧನೆಯಲ್ಲಿ ಅವರ ಪಾಲಿಗೆ ಸಿಗುತ್ತಿದ್ದದ್ದು 10 ಪರ್ಸೆಂಟ್‌ಗಿಂತ ಕಮ್ಮಿ. ಅನ್ಯಾಯದ ಲೆಕ್ಕವನ್ನೇ ಬೋರ್ಡ್ ಮಾಡಿ ತಗುಲಿಹಾಕಿಕೊಂಡರು. ಲಂಡನ್ನಿನ ಮಾರ್ಟಿನ್ ಪ್ರಿನ್ಸ್ ಮುಂದೆ ನಿಂತರು. ವೆಲ್ಲೂರಿನ ಕೆ.ಎಸ್. ಜೇಕಬ್, ತ್ರಿಶೂರಿನ ಕೆ.ಎಸ್. ಶಾಜಿ, ಗೋವಾದಲ್ಲಿದ್ದ ವಿಕ್ರಮ್ ಪಟೇಲ್ ಮುಂತಾದ ನಮ್ಮವರೂ ಜೊತೆಗಿದ್ದರು.

ಇವರು ಮಾಡಿದ ಮೊದಲ ಕೆಲಸ ನನ್ನ ಲ್ಯಾಬ್ ಮೇಷ್ಟ್ರಿಗೆ ಬಹಳ ಇಷ್ಟವಾಗುತ್ತಿತ್ತು. ಮೀಟರನ್ನೇ ಪರೀಕ್ಷೆ ಮಾಡಿದರು. 25 ಕೇಂದ್ರಗಳು, 2,885 ಜನ. ನಾಲ್ಕು ಗುಂಪು: ಡಿಮೆನ್ಷಿಯಾ ಇರುವವರು, ಖಿನ್ನತೆ ಇರುವವರು, ಚೆನ್ನಾಗಿ ಓದಿ ಆರೋಗ್ಯವಾಗಿರುವವರು, ಓದದೇ ಆರೋಗ್ಯವಾಗಿರುವವರು. ಓದದವರನ್ನೋ, ದುಃಖದಲ್ಲಿರುವವರನ್ನೋ ಈ ಪರೀಕ್ಷೆ ತಪ್ಪಾಗಿ ಮರೆಗುಳಿ ರೋಗಿ ಅನ್ನುತ್ತಾ? ಅದು ಅವರ ಪ್ರಶ್ನೆ. ಹಾಗೆ ಅನ್ನದಂಥ ಒಂದು ವಿಧಾನವನ್ನ ಕಟ್ಟಿ, 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಗಂಡನನ್ನ ಕಳೆದುಕೊಂಡು ಮಂಕಾಗಿದ್ದ ಓದು ಬಾರದ ನಮ್ಮ ಅಜ್ಜಿ ಆಸ್ಪತ್ರೆಯಲ್ಲಿ ಕೂತಿದ್ದು ಇದಾಗಿ ಹತ್ತು ವರ್ಷಕ್ಕೆ. ಜ್ಞಾನ ಲಂಡನ್‌ನಿಂದ ವೆಲ್ಲೂರಿಗೆ ಬಂದಿತ್ತು. ಆ ಡಾಕ್ಟರ್ ಟೇಬಲ್ಲಿಗೆ ಬಂದಿರಲಿಲ್ಲ.

2008ರಲ್ಲಿ ದೊಡ್ಡ ಲೆಕ್ಕ ಬಂತು. ಭಾರತ, ಚೀನಾ, ಕ್ಯೂಬಾ, ಡೊಮಿನಿಕನ್ ರಿಪಬ್ಲಿಕ್, ವೆನಿಜುವೆಲಾ, ಮೆಕ್ಸಿಕೋ, ಪೆರು. 7 ದೇಶ, 11 ಜಾಗ, 65 ದಾಟಿದ 14,960 ಜನ. ಅಮೆರಿಕದ ಮನೋವೈದ್ಯರ ಡಿಎಸ್ಎಂ ಕೈಪಿಡಿಯ ನಿಯಮ ಇಟ್ಟುಕೊಂಡು ಎಣಿಸಿದರೆ, ತಮಿಳುನಾಡಿನ ವೆಲ್ಲೂರು ಸುತ್ತಲಿನ ಹಳ್ಳಿಗಳಲ್ಲಿ ಡಿಮೆನ್ಷಿಯಾ 0.3 ಪರ್ಸೆಂಟ್. ಅಂದರೆ ಸಾವಿರಕ್ಕೆ ಮೂರು ಜನ! 10/66 ವಿಧಾನದಲ್ಲಿ ಎಣಿಸಿದರೆ? ಹನ್ನೊಂದು ಜಾಗಗಳಲ್ಲಿ ಒಂದರಲ್ಲೂ ಅದು 5.6 ಪರ್ಸೆಂಟ್‌ಗಿಂತ ಕೆಳಗೆ ಇಳಿಯಲಿಲ್ಲ.

ಅದೇ ಜನ. ಅದೇ ಹಳ್ಳಿ. ಅಳತೆಗೋಲು ಬದಲಾದರೆ ಸಂಖ್ಯೆ ಎಷ್ಟೋ ಪಟ್ಟು ಏರುತ್ತೆ. ಹೇಗೆ?

ಆಗಿನ ಕೈಪಿಡಿಯ ನಿಯಮದಲ್ಲಿ ಒಂದು ಷರತ್ತಿತ್ತು. ನೆನಪು ಕಮ್ಮಿಯಾದರೆ ಸಾಲುತ್ತಿರಲಿಲ್ಲ, ಅದರಿಂದ ಉದ್ಯೋಗ ಅಥವಾ ಸಾಮಾಜಿಕ ಬದುಕಿಗೆ ತೊಂದರೆ ಆಗಿರಬೇಕಿತ್ತು. ನ್ಯೂಯಾರ್ಕ್‌ನಲ್ಲಿ ಒಂಟಿಯಾಗಿರುವ ಅಜ್ಜಿ ಬಿಲ್ ಕಟ್ಟೋದು ಮರೆತರೆ ಕರೆಂಟ್ ಹೋಗುತ್ತೆ, ತೊಂದರೆ ಕಣ್ಣಿಗೆ ಕಾಣುತ್ತೆ. ನಮ್ಮ ಹಳ್ಳಿ ಮನೆಯಲ್ಲಿ? ಸೊಸೆ ಅಡುಗೆ ಮಾಡಿ ತಟ್ಟೆ ಇಡ್ತಾಳೆ. ನೀರು ಕಾಯಿಸಿ ಸ್ನಾನ ಮಾಡಿಸ್ತಾಳೆ. ಸೀರೆ ತೆಗೆದುಕೊಡ್ತಾಳೆ. ಅತ್ತೆಗೆ ಏನು ಮರೆತಿದೆ ಅಂತ ಗೊತ್ತಾಗುವ ಸಂದರ್ಭವೇ ಬರಲ್ಲ. ಸರ್ವೆಗೆ ಬಂದವರು "ಏನಾದರೂ ತೊಂದರೆ ಇದೆಯಾ?" ಅಂದರೆ, "ಏನಿಲ್ಲ, ವಯಸ್ಸಾಯ್ತಲ್ಲ" ಅಂತ ಉತ್ತರ.

ಕನ್ನಡದಲ್ಲಿ ಇದಕ್ಕೆ ಗಾದೆಯೇ ಇದೆ. ಅರವತ್ತಕ್ಕೆ ಅರಳುಮರಳು. ನಾವು ಇದನ್ನ ನಗುನಗುತ್ತಾ ಹೇಳ್ತೀವಿ. ಆದರೆ ಈ ಗಾದೆ ಒಂದು ರೋಗಕ್ಕೆ ಹಾಕಿದ ಮುಸುಕು. ಅರವತ್ತಾದವರಿಗೆಲ್ಲ ಅರಳುಮರಳು ಆಗಲ್ಲ. ಆದರೆ ಅದು ಕಾಯಿಲೆ. ಮಿದುಳಿನಲ್ಲಿ ಏನೋ ಕೆಡುತ್ತಿದೆ ಅಂತ ಅರ್ಥ.

ಅಂದರೆ ಅಳತೆ ಎರಡು ಕಡೆಯಿಂದ ತಪ್ಪಬಹುದು. ಓದು ಬಾರದ ಆರೋಗ್ಯವಂತರನ್ನ ರೋಗಿ ಅನ್ನಬಹುದು. ಮನೆಯವರ ಆರೈಕೆಯೊಳಗೆ ಮುಚ್ಚಿಹೋದ ರೋಗಿಯನ್ನ ಆರೋಗ್ಯವಂತ ಅನ್ನಬಹುದು. ನಮ್ಮ ಅಜ್ಜಿಗೆ ಎರಡೂ ಆಯಿತು.

2018ರ ಹೊತ್ತಿಗೆ ಅಜ್ಜಿ ಸಾರಿಗೆ ಎರಡು ಸಲ ಉಪ್ಪು ಹಾಕೋರು. ಹೇಳಿದ್ದನ್ನೇ ಹೇಳೋರು. ಊಟ ಮಾಡಿ ಕೈ ತೊಳೆದು ಬಂದು, "ನನಗ್ಯಾರೂ ಊಟಕ್ಕೆ ಕರೀಲಿಲ್ಲ" ಅನ್ನೋರು. ನಾವು ಡಾಕ್ಟರ ಹತ್ತಿರ ಹೋದೆವಾ? ಇಲ್ಲ. ಯಾಕೆ ಹೋಗಬೇಕು? ಹಿಂದೆ ಒಂದು ಸಲ ಹೋಗಿ ನೋಡಿದ್ದಾಗಿತ್ತಲ್ಲ, ಅವರು ಹೇಳಿದ್ದು ಸುಳ್ಳಾಗಿತ್ತಲ್ಲ. ಅದೇ ನಗು. 'ಪ್ಯಾಟೆ ಡಾಕ್ಟ್ರಿಗೆ ಸಂವತ್ಸರ ಗೊತ್ತಿಲ್ಲ.' ಮೊದಲ ಸಲದ ತಪ್ಪು ಎರಡನೇ ಸಲದ ಸತ್ಯವನ್ನ ನಮ್ಮಿಂದ ಮುಚ್ಚಿಬಿಟ್ಟಿತು.

ಅತ್ತೆ ಅಡುಗೆ ಮನೆಯಿಂದ ಅವರನ್ನ ಬಿಡಿಸಿದರು. ಲೆಕ್ಕ ಮಾವ ತಗೊಂಡರು. ಎಲ್ಲ ಸಲೀಸಾಗಿ ನಡೀತಿತ್ತು. 2020ರಲ್ಲಿ ಒಂದು ಬೆಳಗಿನ ಜಾವ ಅಜ್ಜಿ ಹಾಸಿಗೆಯಲ್ಲಿ ಇರಲಿಲ್ಲ. ತೋಟದ ತುದಿಯಲ್ಲಿ, ಕೆರೆ ಏರಿಯ ಕೆಳಗೆ ನಡುಗುತ್ತಾ ಕೂತಿದ್ದರು. ಅಪ್ಪನ ಮನೆಗೆ ಹೋಗಬೇಕು ಅಂತಿದ್ದರು. ಅವರ ಅಪ್ಪ ಹೋಗಿ ಐವತ್ತು ವರ್ಷದ ಮೇಲಾಗಿತ್ತು.

ಬೆಂಗಳೂರಿನಲ್ಲಿ ತೋರಿಸಿದೆವು. ಈ ಸಲದ ಡಾಕ್ಟರ್ ಅಜ್ಜಿಯ ಜೊತೆ ಮಾತಾಡಿದರು, ಆಮೇಲೆ ಅತ್ತೆಯನ್ನ ಕೂರಿಸಿಕೊಂಡರು. "ಮುಂಚೆ ಮನೆಯಲ್ಲಿ ಏನೇನು ಕೆಲಸ ಮಾಡೋರು?" ಅತ್ತೆ ಪಟ್ಟಿ ಹೇಳಿದರು. "ಈಗ?" ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಈಗ ಎಲ್ಲ ನಾನೇ ಮಾಡ್ತೀನಲ್ಲ ಸಾರ್." ಕ್ರೀ ಜನರ ನಡುವೆ ಹುಟ್ಟಿ, ಇಬಾದಾನ್ ಸುತ್ತಿ, ವೆಲ್ಲೂರಿಗೆ ಬಂದ ಪ್ರಶ್ನೆ ಅದು ಅಂತ ನನಗೆ ಅವತ್ತು ಗೊತ್ತಿರಲಿಲ್ಲ. ಆಮೇಲೆ ಓದಿ ತಿಳ್ಕೊಂಡೆ.

ಈಗ ನಮ್ಮ ರಾಜ್ಯಕ್ಕೆ ಬರೋಣ. ಬೇಸರದ ಜೊತೆ ಹೆಮ್ಮೆಪಡುವ ಸಂಗತಿಯೂ ಇದೆ.

ಸುವರ್ಣಾ ಅಲ್ಲಾಡಿ ಈಗ ನಿಮ್ಹಾನ್ಸ್‌ನಲ್ಲಿ ನರರೋಗ ತಜ್ಞೆ. ಹಿಂದೆ ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದಾಗ, ಎಡಿನ್‌ಬರೋ ವಿಶ್ವವಿದ್ಯಾಲಯದ ಥಾಮಸ್ ಬಾಕ್ ಜೊತೆ ಸೇರಿ 648 ಡಿಮೆನ್ಷಿಯಾ ರೋಗಿಗಳ ದಾಖಲೆ ನೋಡಿದರು. 2013ರಲ್ಲಿ ಬಂದ ಫಲಿತಾಂಶ: ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೇ ಹೋಗದವರಲ್ಲೂ ಈ ವ್ಯತ್ಯಾಸ ಇತ್ತು. ಪಶ್ಚಿಮದ ದೇಶಗಳಲ್ಲಿ ಇದನ್ನ ಬೇರ್ಪಡಿಸಿ ನೋಡೋದು ಕಷ್ಟ. ಅಲ್ಲಿ ಎರಡು ಭಾಷೆ ಬಲ್ಲವರು ಹೆಚ್ಚಾಗಿ ವಲಸಿಗರು ಅಥವಾ ಹೆಚ್ಚು ಓದಿದವರು. ಸಂತೆಯಲ್ಲಿ ತೆಲುಗು, ಮನೆಯಲ್ಲಿ ಉರ್ದು ಆಡುವ ಓದು ಬಾರದ ಹೆಂಗಸು ಸಿಗೋದು ನಮ್ಮಲ್ಲೇ. ನಮ್ಮ ಜನ ಈ ವಿಜ್ಞಾನದಿಂದ ಪಡೆಯೋದಷ್ಟೇ ಅಲ್ಲ, ಅದಕ್ಕೆ ಕೊಡೋದೂ ಇದೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಗೊತ್ತಲ್ಲ? ಮಾವಿನ ಊರು. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಆ ತಾಲೂಕಿನ ಹಳ್ಳಿಗಳಲ್ಲಿ 2018ರಿಂದ ಒಂದು ಅಧ್ಯಯನ ನಡೆಸ್ತಿದೆ. 45 ದಾಟಿದ 10,000 ಜನರನ್ನ ವರ್ಷಾನುಗಟ್ಟಲೆ ಹಿಂಬಾಲಿಸೋದು ಗುರಿ. ರಕ್ತ, ಜೀನ್, ಮಿದುಳಿನ ಸ್ಕ್ಯಾನ್, ನೆನಪಿನ ಪರೀಕ್ಷೆ. ಕಾಯಿಲೆ ಬಂದ ಮೇಲೆ ಎಣಿಸುವ ಬದಲು, ಬರುವ ಮುಂಚಿನಿಂದ ನೋಡುತ್ತಾ ಹೋಗೋದು. ಕನ್ನಡ, ತೆಲುಗು ಎರಡೂ ಆಡುವ ಹಳ್ಳಿಗಳು ಅವು. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಕೂಡ ಶುರು ಮಾಡಿತು.

ದೇಶದ ಮಟ್ಟದಲ್ಲಿ ಏಮ್ಸ್ ಮತ್ತು ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಜಂಟಿಯಾಗಿ ಲಾಸಿ-ಡ್ಯಾಡ್ ಅನ್ನೋ ಅಧ್ಯಯನ ಮಾಡಿದವು. 4,096 ಹಿರಿಯರನ್ನ, ಅವರ ಜೊತೆ ಮನೆಯವರನ್ನ ಮಾತಾಡಿಸಿ, ಅವರಲ್ಲಿ ಹಲವರ ವಿಷಯವನ್ನ ಡಾಕ್ಟರುಗಳು ಆನ್‌ಲೈನ್‌ನಲ್ಲಿ ಕೂತು ತೀರ್ಮಾನಿಸಿದರು. 2023ರಲ್ಲಿ ಬಂದ ಅಂದಾಜು: 60 ದಾಟಿದ ಭಾರತೀಯರಲ್ಲಿ 7.4 ಪರ್ಸೆಂಟ್. ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಜಾಸ್ತಿ.

ಬಲ್ಲಭ್‌ಗಢದ 1.36 ಎಲ್ಲಿ, ಈ 7.4 ಎಲ್ಲಿ? ಒಂದರಲ್ಲಿ ಇನ್ನೊಂದನ್ನ ಕಳೆಯೋ ಹಾಗಿಲ್ಲ. ಕಾಲ ಬೇರೆ, ವಯಸ್ಸಿನ ಗೆರೆ ಬೇರೆ, ವಿಧಾನ ಬೇರೆ. ನಡುವೆ ನಮ್ಮ ಆಯಸ್ಸು ಬೆಳೆದಿದೆ, ಬಿಪಿ ಶುಗರ್ ಹಳ್ಳಿಗೂ ಬಂದಿದೆ. ಆದರೂ ಒಂದು ಮಾತು ಖಚಿತ. ಗೋದಿ ಬಣ್ಣ ಸಾಧಾರಣ ಮೈಕಟ್ಟು ಸಿನಿಮಾದಲ್ಲಿ ಅನಂತ್‌ನಾಗ್ ಅವರ ವೆಂಕೋಬ ರಾವ್ ಪಾತ್ರ ನೋಡಿ ನಾವೆಲ್ಲ ಅತ್ತಿದ್ದೀವಿ. ಪಟ್ಟಣದ, ಓದಿದ ಗಂಡಸು ಆತ. ಅಂಕಿ ಅಂಶ ತೋರಿಸ್ತಿರೋದು ಮಾತ್ರ ಹಳ್ಳಿಯ, ಓದಿಲ್ಲದ ಹೆಂಗಸನ್ನ.

ಬೇಗ ಗೊತ್ತಾದರೆ ಏನು ಪ್ರಯೋಜನ, ವಾಸಿ ಮಾಡೋ ಔಷಧಿ ಇಲ್ಲವಲ್ಲ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ನಮ್ಮ ಅಜ್ಜಿಯ ಹಾಗೆ ಕೆಲವರಲ್ಲಿ ಮರೆವಿಗೆ ಕಾರಣ ಥೈರಾಯ್ಡ್, ಬಿ12 ಕೊರತೆ, ಖಿನ್ನತೆ ಇರುತ್ತೆ, ಅವು ಸರಿಹೋಗುತ್ತವೆ. ನಿಜವಾದ ಡಿಮೆನ್ಷಿಯಾ ಆದರೆ ಬಿಪಿ, ಶುಗರ್, ಕಿವಿ, ಕಣ್ಣು ನೋಡಿಕೊಳ್ಳಬಹುದು. ಬಾವಿ, ಕೆರೆ, ಒಲೆಯಿಂದ ಕಾಪಾಡಬಹುದು. ಜಮೀನು, ಕಾಗದಪತ್ರದ ವಿಷಯ ಅವರಿಗೆ ತಿಳಿವಳಿಕೆ ಇರುವಾಗಲೇ ಅವರನ್ನ ಕೇಳಿ ಮುಗಿಸಬಹುದು. ಇದೆಲ್ಲ ಸರಿ.

ಆದರೆ ನಮ್ಮ ಮನೆಯಲ್ಲಿ ಆಗಿದ್ದು ಬೇರೆ ನಷ್ಟ. 2018ರಿಂದ 2020ರವರೆಗೆ ಎರಡು ವರ್ಷ ನಾವು ಅಜ್ಜಿಯನ್ನ ಬೈದೆವು. ಉಪ್ಪು ಹಾಕಿದ್ದಕ್ಕೆ ಬೈದೆವು. ಊಟ ಮಾಡಿಯೂ ಮಾಡಿಲ್ಲ ಅಂದಿದ್ದಕ್ಕೆ, ಊರವರ ಮುಂದೆ ಮಾನ ತೆಗೀತೀಯ ಅಂತ ಮಾವ ಗದರಿದರು. ನಾನೂ ಒಂದು ಸಲ ಫೋನಿನಲ್ಲಿ, "ಎಷ್ಟು ಸಲ ಹೇಳ್ತೀಯ ಅಜ್ಜಿ ಅದನ್ನೇ" ಅಂತ ರೇಗಿ ಕಟ್ ಮಾಡಿದ್ದೀನಿ. ಬುಲೆಟಿನ್‌ಗೆ ಹೊತ್ತಾಗಿತ್ತು.

ಅಜ್ಜಿ 2022ರಲ್ಲಿ ಹೋದರು. ತಿಥಿ ದಿನ ಅತ್ತೆ ಪಾತ್ರೆ ತೊಳೆಯುತ್ತಾ ಹೇಳಿದ್ದು ಇಷ್ಟೇ: "ಕಾಯಿಲೆ ಅಂತ ಗೊತ್ತಿದ್ದಿದ್ರೆ ನಾನು ಒಂದು ದಿನಾನೂ ಬೈತಿರಲಿಲ್ಲ ಕಣೋ."

ಹಾಗಾಗಿ ವೀಕ್ಷಕರೇ, ಮನೆಯ ಹಿರಿಯರಿಗೆ ನೂರರಲ್ಲಿ ಏಳು ಕಳೆಯಲು ಹೇಳಬೇಡಿ. ಇವತ್ತು ಊರಿಗೆ ಫೋನ್ ಮಾಡಿ. ಅವರನ್ನ ನೋಡಿಕೊಳ್ಳುತ್ತಿರುವ ಹೆಂಗಸು ಯಾರಿದ್ದಾರೋ, ನಿಮ್ಮ ಅತ್ತೆಯೋ, ಅತ್ತಿಗೆಯೋ, ಅಮ್ಮನೋ, ಅವರನ್ನ ಕೇಳಿ. ಮುಂಚೆ ಏನೇನು ಮಾಡೋರು? ಈಗ ಅದನ್ನ ಯಾರು ಮಾಡ್ತಿದ್ದಾರೆ?

ಉತ್ತರ "ಎಲ್ಲ ನಾನೇ ಮಾಡ್ತೀನಲ್ಲ" ಅಂತ ಬಂದರೆ, ವಯಸ್ಸಾಯ್ತಲ್ಲ ಅಂತ ಫೋನ್ ಇಡಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೋಗುವಾಗ ಆ ಹೆಂಗಸನ್ನೂ ಜೊತೆಗೆ ಕರೆದುಕೊಂಡು ಹೋಗಿ.